ಒಂದೇ ಕೆರೆ, ಐದು ಪ್ರಬಂಧ

ನರಸಾಪುರದಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಕೆರೆ ಕಣ್ಣಿಗೆ ಬಿದ್ದರೆ ಸಾಕು, ಮಾತು ಶುರು. "ಬೆಂಗಳೂರಿನ ಕೊಳಚೆ ನೀರಂತೆ ಕಣಪ್ಪ ಇದು." "ಏನಾದ್ರೂ ಆಗ್ಲಿ, ನಮ್ಮ ಭಾವನ ಬೋರಲ್ಲಿ ನೀರು ಬಂದಿದೆಯಂತೆ." "ಈ ನೀರಲ್ಲಿ ಬೆಳೆದ ಸೊಪ್ಪು ಬೇಗ ಕೊಳೆಯುತ್ತಂತೆ." "ತಾತನ ಕಾಲದಲ್ಲಿ ಇದು ಒಣಗಿದ್ದೇ ಇಲ್ಲವಂತೆ." ಒಂದು ದಿನ ಸುಮ್ಮನೆ ಕೂತು ಎಣಿಸಿದೆ. ಕೋಲಾರ ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ಹನ್ನೊಂದು ‘ಅಂತೆ’ ಆಗಿದ್ದವು. ಪಕ್ಕದಲ್ಲಿ ಕೂತಿದ್ದ ನನ್ನ ಎರಡನೇ ವರ್ಷದ ವಿದ್ಯಾರ್ಥಿನಿಯ ಬ್ಯಾಗಿನಲ್ಲಿ ಅದೇ ಕೆರೆಗಳ ಮೇಲೆ ಬರೆದ ಅಸೈನ್‌ಮೆಂಟ್ ಇತ್ತು. ಇಸಿದುಕೊಂಡು ಓದಿದೆ. ಹುಡುಕಿದರೂ ಒಂದು ‘ಅಂತೆ’ ಸಿಗಲಿಲ್ಲ. ಆದರೆ ಮಾತೆಲ್ಲ ಬಸ್ಸಿನದ್ದೇ. ‘ಬಂದಿದೆಯಂತೆ’ ಎಂಬಲ್ಲಿ ‘ಬಂದಿದೆ’ ಎಂದು ಬರೆದಿದ್ದಳು, ಅಷ್ಟೇ ವ್ಯತ್ಯಾಸ.

ಕಾಲೇಜಿನ ಪ್ರಬಂಧ ಎಂದರೆ ಏನು ಅಂತ ಕೇಳುವವರಿಗೆ ನಾನು ಆ ಬಸ್ಸಿನ ಕಥೆಯನ್ನೇ ಹೇಳುತ್ತೇನೆ. ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ನಾನು ಕಣ್ಣಾರೆ ಕಂಡದ್ದಕ್ಕೂ ಬೇರೆಯವರ ಬಾಯಲ್ಲಿ ಕೇಳಿದ್ದಕ್ಕೂ ನಮ್ಮ ಭಾಷೆ ಒಂದೇ ಪ್ರತ್ಯಯದಲ್ಲಿ ಗೆರೆ ಎಳೆದುಬಿಡುತ್ತದೆ. ‘ಮಳೆ ಬಂತು’ ಎಂದರೆ ನಾನು ನೆನೆದೆ. ‘ಮಳೆ ಬಂತಂತೆ’ ಎಂದರೆ ಫೋನಿನಲ್ಲಿ ಅಮ್ಮ ಹೇಳಿದರು. ಆ ‘ಅಂತೆ’ಯನ್ನು ಕಳೆಯುವುದೇ ಪ್ರಬಂಧದ ಕೆಲಸ. ರಬ್ಬರ್ ಹಾಕಿ ಅಳಿಸುವುದಲ್ಲ, ದುಡಿದು ಕಳೆಯುವುದು. ಒಂದೊಂದು ವಿಷಯಕ್ಕೂ ಅದನ್ನು ಕಳೆಯುವ ದಾರಿ ಬೇರೆ. ಇತಿಹಾಸದ ದಾರಿ ಹಿಡಿದು ಅರ್ಥಶಾಸ್ತ್ರದ ಪ್ರಬಂಧ ಬರೆದರೆ, ಅರ್ಥಶಾಸ್ತ್ರದ ದಾರಿ ಹಿಡಿದು ಸಾಹಿತ್ಯದ ಪ್ರಬಂಧ ಬರೆದರೆ ಮಾರ್ಕ್ಸ್ ಹೋಗುವುದು ಅಲ್ಲೇ. ಮಕ್ಕಳು ದಡ್ಡರೇನಲ್ಲ. ಈ ದಾರಿಗಳು ಬೇರೆ ಬೇರೆ ಅಂತ ಅವರಿಗೆ ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಹಾಗಾಗಿ ಈ ಲೇಖನಕ್ಕೆ ಒಂದೇ ವಸ್ತು ಇಟ್ಟುಕೊಳ್ಳುತ್ತೇನೆ, ಕೆರೆ. ಹಿನ್ನೆಲೆ ಇಷ್ಟು: ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ಪಂಪು ಮಾಡಿ, ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುವ ಯೋಜನೆ ಕೆ.ಸಿ. ವ್ಯಾಲಿ. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ಕುಡಿಯಲಿಕ್ಕಲ್ಲ, ಅಂತರ್ಜಲ ಮೇಲೆ ಬರಲಿ ಅಂತ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮರುತಿಂಗಳೇ ನೊರೆ ಕಾಣಿಸಿಕೊಂಡು ಗಲಾಟೆಯಾಗಿ, ವಿಷಯ ಹೈಕೋರ್ಟು, ಅಲ್ಲಿಂದ ಸುಪ್ರೀಂ ಕೋರ್ಟು ಹತ್ತಿತು. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಬರುತ್ತದೆ, ಅದು ಎಚ್.ಎನ್. ವ್ಯಾಲಿ. ನಮ್ಮ ಕಡೆಯ ಕಾಲೇಜುಗಳಲ್ಲಿ ಯಾವ ವಿಭಾಗಕ್ಕೆ ಹೋದರೂ ಈ ನೀರಿನ ಮೇಲೆ ಒಂದಾದರೂ ಅಸೈನ್‌ಮೆಂಟ್ ಇದ್ದೇ ಇರುತ್ತದೆ.

ಮೊದಲು ಪ್ರಶ್ನೆ. ಅಸೈನ್‌ಮೆಂಟ್ ಕೊಟ್ಟ ಮರುಕ್ಷಣ ಹಿಂದಿನ ಬೆಂಚಿನಿಂದ ಬರುವುದು ಒಂದೇ ಸ್ವರ: "ಮೇಡಂ, ಎಷ್ಟು ಪೇಜು?" ಪೇಜು ಆಮೇಲೆ. ಪ್ರಶ್ನೆಯ ಕೊನೆಯ ಪದ ಮೊದಲು ನೋಡಬೇಕು. ‘ವಿವರಿಸಿ’ ಎಂದಿದ್ದರೆ ಅದು ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವನಿಗೆ ಗೊತ್ತು ಮಾಡಿಸಿದರೆ ಸಾಕು, ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲ. ‘ಚರ್ಚಿಸಿ’ ಎಂದರೆ ಕಡಿಮೆ ಎಂದರೂ ಎರಡು ಪಕ್ಷಗಳನ್ನು ನ್ಯಾಯವಾಗಿ ಮಂಡಿಸಿ, ಕೊನೆಗೆ ನೀವು ಯಾವ ಕಡೆ, ಯಾಕೆ ಅಂತ ಹೇಳಬೇಕು. ‘ವಿಶ್ಲೇಷಿಸಿ’ ಎಂದರೆ ಬಿಡಿಭಾಗ ಬಿಚ್ಚಿಟ್ಟು ಯಾವುದು ಯಾವುದನ್ನು ಹಿಡಿದುಕೊಂಡಿದೆ ಅಂತ ತೋರಿಸುವುದು. ‘ಹೋಲಿಸಿ’ ಎಂದರೆ ಎರಡಕ್ಕೂ ಒಂದೇ ಅಳತೆಗೋಲು. ಎರಡು ಪುಟ ಇದರ ಬಗ್ಗೆ, ಎರಡು ಪುಟ ಅದರ ಬಗ್ಗೆ ಬರೆದು ಕೈಮುಗಿದರೆ ಹೋಲಿಕೆ ಆಗುವುದಿಲ್ಲ. ‘ವಿಮರ್ಶಿಸಿ’ ಎಂಬ ಪದದ ಮೇಲೆ ಮಾತ್ರ ನನಗೆ ಸ್ವಲ್ಪ ಮರುಕ ಇದೆ. ಅರ್ಧ ತರಗತಿ ಅದನ್ನು ಬೈಗುಳ ಅಂದುಕೊಂಡಿರುತ್ತದೆ, ಇನ್ನರ್ಧ ಹೊಗಳಿಕೆ ಅಂದುಕೊಂಡಿರುತ್ತದೆ.

ಒಂದು ಪ್ರಶ್ನೆಯನ್ನೇ ಬಿಡಿಸೋಣ: ‘ಕೋಲಾರ ಜಿಲ್ಲೆಯ ಕೃಷಿಯ ಮೇಲೆ ಕೆ.ಸಿ. ವ್ಯಾಲಿ ಯೋಜನೆಯ ಪರಿಣಾಮವನ್ನು ವಿಮರ್ಶಾತ್ಮಕವಾಗಿ ಪರಿಶೀಲಿಸಿ.’ ಇದರಲ್ಲಿ ‘ಕೋಲಾರ ಜಿಲ್ಲೆ’ ಎಂಬುದು ಬೇಲಿ, ಚಿಕ್ಕಬಳ್ಳಾಪುರದ ಕೆರೆಗಳು ಅದರಾಚೆ ಉಳಿಯಬೇಕು. ‘ಕೃಷಿ’ ಎಂದಿದೆ, ಹಾಗಾಗಿ ಕುಡಿಯುವ ನೀರಿನ ಮೇಲೆ ಮೂರು ಪುಟ ಬರೆದರೆ ಅದಕ್ಕೆ ಸೊನ್ನೆ. ‘ಪರಿಣಾಮ’ ಎಂದ ಕೂಡಲೇ ನೀರು ಬರುವ ಮುಂಚೆ ಹೇಗಿತ್ತು, ಬಂದ ಮೇಲೆ ಹೇಗಿದೆ ಎಂಬ ಎರಡು ಚಿತ್ರ ಬೇಕು. ಒಂದೇ ಚಿತ್ರ ಇದ್ದರೆ ಅದು ವರ್ಣನೆ ಆಗುತ್ತದೆ. ‘ವಿಮರ್ಶಾತ್ಮಕವಾಗಿ’ ಎಂದರೆ ಆ ವ್ಯತ್ಯಾಸಕ್ಕೆ ಬೇರೆ ಕಾರಣ ಇರಬಹುದೇ ಅಂತ ನೀವೇ ನಿಮ್ಮನ್ನು ಕೇಳಿಕೊಳ್ಳಬೇಕು. ಇಷ್ಟನ್ನು ಪೆನ್ಸಿಲ್‌ನಲ್ಲಿ ಪ್ರಶ್ನೆಯ ಸುತ್ತ ಬರೆದುಕೊಂಡರೆ ಅರ್ಧ ಯೋಜನೆ ಮುಗಿದಂತೆ.

ಇನ್ನರ್ಧ ಎಂದರೆ ನಿಲುವು. ‘ಕೋಲಾರದ ಕೆರೆಗಳು’ ಎಂಬುದು ವಸ್ತು. ‘ಕೆರೆ ತುಂಬಿದ್ದರಿಂದ ಯಾರಿಗೆ ಲಾಭವಾಯಿತು’ ಎಂಬುದು ಪ್ರಶ್ನೆ. ‘ಲಾಭ ಕೆರೆ ಏರಿಯ ಕೆಳಗಿನ ಜಮೀನಿನವರಿಗೆ ಸಿಕ್ಕಿತು, ಮೇಲುಭಾಗದ ಮಳೆಯಾಶ್ರಿತ ರೈತರಿಗೆ ಹೆಚ್ಚೇನೂ ಬದಲಾಗಲಿಲ್ಲ’ ಎಂಬುದು ನಿಲುವು. ನಿಲುವು ಹೌದೋ ಅಲ್ಲವೋ ಅಂತ ನೋಡಲು ನನ್ನದೊಂದು ಸುಲಭದ ಪರೀಕ್ಷೆ ಇದೆ: ಅದನ್ನು ಕೇಳಿ ಒಬ್ಬರಾದರೂ "ಅಲ್ಲ" ಅನ್ನಬಲ್ಲರೇ? ‘ನೀರು ಅಮೂಲ್ಯವಾದುದು’ ಎಂದರೆ ಯಾರೂ ಅಲ್ಲ ಅನ್ನುವುದಿಲ್ಲ, ಹಾಗಾಗಿ ಅದು ನಿಲುವಲ್ಲ. ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಒಂದು ಅಚ್ಚುಮೆಚ್ಚಿನ ಸಾಲು ಇದೆಯಲ್ಲ, ‘ಎಂದು ಹೇಳಿದರೆ ತಪ್ಪಾಗಲಾರದು’, ಅದನ್ನು ಕಂಡಾಗೆಲ್ಲ ನಾನು ಅಂಚಿನಲ್ಲಿ ಬರೆಯುತ್ತೇನೆ: ತಪ್ಪಾಗುವ ಧೈರ್ಯ ಇರುವ ವಾಕ್ಯ ಬರೆ.

ಈಗ ಕೆರೆಯ ದಡಕ್ಕೆ ಹೋಗೋಣ. ಇತಿಹಾಸ ನನ್ನ ವಿಷಯ, ಅಲ್ಲಿಂದಲೇ ಶುರು ಮಾಡುತ್ತೇನೆ, ಸ್ವಲ್ಪ ಪಕ್ಷಪಾತ ಇರಬಹುದು.

ಇತಿಹಾಸದ ವಿದ್ಯಾರ್ಥಿ ‘ಹಿಂದಿನ ಕಾಲದಲ್ಲಿ ಕೆರೆಗಳನ್ನು ಊರವರೇ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು’ ಎಂದು ಬರೆಯುತ್ತಾನೆ. ಯಾವ ಹಿಂದಿನ ಕಾಲ? ಯಾರು ಹೇಳಿದರು? ಇತಿಹಾಸದಲ್ಲಿ ‘ಅಂತೆ’ ಕಳೆಯುವುದು ಆಕರದಿಂದ, ಅಂದರೆ ಆ ಕಾಲದಿಂದಲೇ ಉಳಿದು ಬಂದ ಕಲ್ಲು, ಕಡತ, ಪತ್ರ, ದಾಖಲೆಯಿಂದ. ನಮ್ಮ ಪುಣ್ಯಕ್ಕೆ ಕೋಲಾರ ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಪುಟಗಳ ಮಾಲೆಯ ಹತ್ತನೇ ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. ತಾಲ್ಲೂಕುವಾರು ಜೋಡಿಸಿದ್ದಾರೆ, ಹಾಗಾಗಿ ನಿಮ್ಮೂರಿನ ಕಲ್ಲು ಅದರಲ್ಲಿದೆಯೋ ಅಂತ ಹುಡುಕುವುದು ಒಂದು ಮಧ್ಯಾಹ್ನದ ಕೆಲಸ. ಕೆರೆ ಕಟ್ಟಿದವನಿಗೆ ಅಥವಾ ರಿಪೇರಿ ಮಾಡಿಸಿದವನಿಗೆ ತೆರಿಗೆಯಿಲ್ಲದೆ ಬಿಟ್ಟ ಜಮೀನಿಗೆ ಕಟ್ಟುಕೊಡಗೆ ಎನ್ನುತ್ತಿದ್ದರು. ಕೆರೆಯ ಕೆಳಗಿನ ಗದ್ದೆಯಿಂದ ಕೆರೆಯ ನಿರ್ವಹಣೆಗೆಂದೇ ತೆಗೆದಿಟ್ಟ ಪಾಲು ಬಿತ್ತುವಟ್ಟ. ಶಾಸನದಲ್ಲಿ ಈ ಪದ ಸಿಕ್ಕಿತೆಂದರೆ ನಿಮ್ಮ ಕೈಗೆ ಸಾಕ್ಷಿ ಸಿಕ್ಕಿತು.

ಆದರೆ ಅದು ಯಾವುದಕ್ಕೆ ಸಾಕ್ಷಿ? ಎಡವುವುದು ಇಲ್ಲೇ. ದಾನ ಕೊಟ್ಟರು ಎಂಬುದಕ್ಕೆ ಕಲ್ಲು ಸಾಕ್ಷಿ. ಆ ದಾನದ ಜಮೀನಿನ ಆದಾಯ ನೂರು ವರ್ಷ ನಿಜಕ್ಕೂ ಕೆರೆಯ ಹೂಳು ತೆಗೆಯಲಿಕ್ಕೇ ಹೋಯಿತು ಎಂಬುದಕ್ಕೆ ಕಲ್ಲು ಸಾಕ್ಷಿ ಅಲ್ಲ. ಇನ್ನೊಂದು: ಶಾಸನ ಹಾಕಿಸಿದವನಿಗೆ ತನ್ನ ಹೆಸರು ಉಳಿಯಬೇಕೆಂಬ ಆಸೆ ಇರುತ್ತದೆ, ಮಣ್ಣು ಹೊತ್ತವರ ಹೆಸರು ಕಲ್ಲಿನ ಮೇಲೆ ಬರುವುದು ಅಪರೂಪ. ಆಕರ ಏನು ಹೇಳುತ್ತದೆ ಅಂತ ಬರೆಯುವುದು ಪಿ.ಯು. ಮಟ್ಟದ ಕೆಲಸ. ಅದು ಯಾಕೆ ಹೀಗೆ ಹೇಳುತ್ತಿದೆ, ಏನು ಹೇಳದೆ ಬಿಟ್ಟಿದೆ ಎಂದು ಕೇಳಿದರೆ ಡಿಗ್ರಿಯ ಮಟ್ಟ.

ಆಕರಗಳು ಒಂದಕ್ಕೊಂದು ತಕರಾರು ತೆಗೆದರೆ? ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು? ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ, ಬೇರೆ ಲೆಕ್ಕಗಳು ಮೂವತ್ತನ್ನು ದಾಟುತ್ತವೆ. ಪ್ರತಿ ವರ್ಷ ಯಾರೋ ಒಬ್ಬರು ಬಂದು, "ಮೇಡಂ, ಯಾವುದು ಬರೀಲಿ?" ಅಂತ ಕೇಳುತ್ತಾರೆ. ಎರಡನ್ನೂ ಬರಿ ಮಗ, ಸರಾಸರಿ ಮಾತ್ರ ತೆಗೆಯಬೇಡ. ಯಾರು ಎಣಿಸಿದರು, ಯಾವಾಗ, ಕಡಿಮೆ ಹೇಳಿದರೆ ಯಾರಿಗೆ ಅನುಕೂಲ, ಜಾಸ್ತಿ ಹೇಳಿದರೆ ಯಾರಿಗೆ ಅಂತ ಬರೆ. ಲೆಕ್ಕ ಹೊಂದದ ಜಾಗದಲ್ಲೇ ಇತಿಹಾಸದ ಪ್ರಬಂಧಕ್ಕೆ ಜೀವ ಬರುವುದು. (ಗೈಡ್‌ಗಳು ಇಂಥ ಕಡೆ ಒಂದು ಸಂಖ್ಯೆ ಹಾಕಿ ಕೈತೊಳೆದುಕೊಳ್ಳುತ್ತವೆ. ಅದಕ್ಕೇ ಗೈಡ್ ಓದಿದವರ ಉತ್ತರಗಳೆಲ್ಲ ಒಂದೇ ಥರ ಇರುವುದು.)

ಅರ್ಥಶಾಸ್ತ್ರಕ್ಕೆ ಶಾಸನ ಸಾಲದು, ಅದಕ್ಕೆ ಹೋಲಿಕೆ ಬೇಕು. ‘ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು’ ಎಂಬ ವಾಕ್ಯದಲ್ಲಿ ‘ಬಂದ ಮೇಲೆ’ ಎಂಬುದು ಕಾಲ ಸೂಚಿಸುತ್ತದೆಯೇ ಹೊರತು ಕಾರಣವನ್ನಲ್ಲ. 2021ರ ನವೆಂಬರ್‌ನಲ್ಲಿ ಕೋಲಾರದಲ್ಲಿ ಎಂಥ ಮಳೆ ಬಂತು ಅಂತ ಇಲ್ಲಿಯವರಿಗೆ ನೆನಪಿದೆ, ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳೂ ಕೋಡಿ ಹೋದವು. ಹಾಗಾದರೆ 2022ರಲ್ಲಿ ಬೋರು ಉಕ್ಕಿದ್ದು ಪೈಪಿನ ನೀರಿನಿಂದಲೋ ಮುಗಿಲಿನ ನೀರಿನಿಂದಲೋ? ಇದನ್ನು ಬಿಡಿಸಬೇಕಾದರೆ ಯೋಜನೆಯ ನೀರು ಬಾರದ, ಆದರೆ ಮಳೆ ಅಷ್ಟೇ ಬಿದ್ದ ಪಕ್ಕದ ಊರೊಂದನ್ನು ಹಿಡಿಯಬೇಕು. ಎರಡೂ ಊರಲ್ಲಿ ನೀರು ಒಂದೇ ಸಮ ಏರಿದ್ದರೆ ಅದು ಮಳೆಯ ಪುಣ್ಯ. ಒಂದರಲ್ಲಿ ಹೆಚ್ಚು ಏರಿದ್ದರೆ ಆ ಹೆಚ್ಚುವರಿಯನ್ನು ಯೋಜನೆಯ ಖಾತೆಗೆ ಬರೆಯಬಹುದು, ಅದೂ ಎಚ್ಚರಿಕೆಯಿಂದ.

ವರ್ಷ ಆರಿಸುವುದರಲ್ಲೂ ಮೋಸ ಇದೆ. 2023ರ ಜುಲೈಯಲ್ಲಿ ಕೋಲಾರ ಎ.ಪಿ.ಎಂ.ಸಿ.ಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆ ವರ್ಷದ ಆದಾಯ ಒಂದನ್ನೇ ತೆಗೆದುಕೊಂಡು 2017ರ ಜೊತೆ ಇಟ್ಟರೆ ಕೆರೆ ನೀರು ಎಲ್ಲರನ್ನೂ ಸಾಹುಕಾರರನ್ನಾಗಿ ಮಾಡಿದಂತೆ ಕಾಣುತ್ತದೆ. ಬಾಕ್ಸು ರಸ್ತೆಗೆ ಸುರಿದ ವರ್ಷ ತೆಗೆದುಕೊಂಡರೆ ಅದೇ ನೀರು ಎಲ್ಲರನ್ನೂ ಮುಳುಗಿಸಿದಂತೆ ಕಾಣುತ್ತದೆ. ಬೆಲೆ ಬೇರೆ, ಇಳುವರಿ ಬೇರೆ. ನೀರು ಮುಟ್ಟುವುದು ಇಳುವರಿಯನ್ನು. ಅರ್ಥಶಾಸ್ತ್ರದ ಪ್ರಬಂಧದಲ್ಲಿ ಗ್ರಾಫ್ ಹಾಕಿದ ಮೇಲೆ ‘ಮೇಲಿನ ಚಿತ್ರದಿಂದ ತಿಳಿದುಬರುತ್ತದೆ’ ಎಂದು ಬಿಟ್ಟುಬಿಡಬಾರದು. ಏನು ತಿಳಿಯಿತು, ಎಲ್ಲಿ ಗೆರೆ ಬಾಗಿತು, ಯಾಕೆ ಬಾಗಿರಬಹುದು ಅಂತ ಬರೆಯಬೇಕು. ಗ್ರಾಫಿಗೆ ಬಾಯಿಲ್ಲ.

ವಿಜ್ಞಾನದಲ್ಲಿ ಅಳತೆಯೇ ಸಾಕ್ಷಿ. ಆದರೆ ಅಳತೆ ಎಂದರೆ ಬರೀ ಸಂಖ್ಯೆಯಲ್ಲ. ಆ ಸಂಖ್ಯೆ ಹುಟ್ಟಿದ ರೀತಿಯನ್ನೂ ಬರೆಯಬೇಕು, ಇನ್ನೊಬ್ಬರು ಹಾಗೇ ಮಾಡಿ ನೋಡುವಂತಿರಬೇಕು. ನಮ್ಮ ಕಾಲೇಜಿನ ಇಬ್ಬರು ಹುಡುಗರು ಒಮ್ಮೆ ಕೆರೆ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ನೋಡುತ್ತೇವೆ ಅಂತ ಹೋದರು. ಬಿಸ್ಲೆರಿ ಬಾಟಲಿಯಲ್ಲಿ ನೀರು ತುಂಬಿಕೊಂಡು, ಬೈಕಿಗೆ ನೇತುಹಾಕಿಕೊಂಡು, ದಾರಿಯಲ್ಲಿ ಟೀ ಕುಡಿದು, ಮಧ್ಯಾಹ್ನ ಲ್ಯಾಬಿಗೆ ಬಂದರು. ಅಷ್ಟರಲ್ಲಿ ಆ ನೀರು ಕುಲುಕಿ ಕುಲುಕಿ ಗಾಳಿ ಕುಡಿದು ಬೇರೆಯೇ ನೀರಾಗಿತ್ತು. ಈ ಪರೀಕ್ಷೆಗೆ ಗಾಳಿಗುಳ್ಳೆ ಇಲ್ಲದಂತೆ ಬಾಟಲಿ ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಿ ಆಮ್ಲಜನಕವನ್ನು ಅಲ್ಲೇ ಹಿಡಿದಿಟ್ಟುಬಿಡಬೇಕು. ಹೊತ್ತೂ ಮುಖ್ಯ. ಹಗಲಿನಲ್ಲಿ ಪಾಚಿ ಬಿಸಿಲು ಕಾಯುತ್ತಾ ಆಮ್ಲಜನಕ ಬಿಡುತ್ತಿರುತ್ತದೆ, ರಾತ್ರಿಯೆಲ್ಲ ಉಸಿರಾಡಿ ಖರ್ಚು ಮಾಡುತ್ತದೆ. ಅದೇ ಕೆರೆ ಬೆಳಗಿನ ಜಾವ ಬಡವ, ಮಧ್ಯಾಹ್ನ ಶ್ರೀಮಂತ. ಎಷ್ಟು ಗಂಟೆಗೆ, ಯಾವ ಮೂಲೆಯಿಂದ, ಎಷ್ಟು ಆಳದಿಂದ ತೆಗೆದಿರಿ ಅಂತ ಬರೆಯದಿದ್ದರೆ ಆ ಸಂಖ್ಯೆಯೂ ಒಂದು ‘ಅಂತೆ’ಯೇ.

ವಿಜ್ಞಾನದ ವರದಿಗೆ ಸಿದ್ಧ ಚೌಕಟ್ಟಿದೆ: ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ. ಫಲಿತಾಂಶದಲ್ಲಿ ಕಂಡದ್ದನ್ನಷ್ಟೇ, ಚರ್ಚೆಯಲ್ಲಿ ಅದರ ಅರ್ಥ. ‘ನೀರು ಕೆಟ್ಟಿದೆ’ ಎಂಬುದು ಫಲಿತಾಂಶ ಅಲ್ಲ. ‘ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಇಷ್ಟು ಮಿಲಿಗ್ರಾಂ’ ಎಂಬುದು ಫಲಿತಾಂಶ. ‘ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಒಪ್ಪಿತ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಬಿಡಬಹುದು, ಇದು ಅದಕ್ಕಿಂತ ಹೆಚ್ಚು’ ಎಂಬುದು ಚರ್ಚೆ.

ರಾಜ್ಯಶಾಸ್ತ್ರದ ಮಕ್ಕಳು ಹೆಚ್ಚಾಗಿ ಭಾಷಣ ಬರೆಯುತ್ತಾರೆ, ‘ಸರ್ಕಾರ ಗಮನ ಹರಿಸಬೇಕು’ ಅಂತ. ಯಾವ ಸರ್ಕಾರ? ರಾಜ್ಯಶಾಸ್ತ್ರದಲ್ಲಿ ಸಾಕ್ಷಿ ಎಂದರೆ ಅಧಿಕಾರ ಯಾರ ಕೈಯಲ್ಲಿದೆ ಎಂಬುದರ ಪತ್ತೆ. ನೀರು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 17ನೇ ಬಾಬತ್ತು. 73ನೇ ತಿದ್ದುಪಡಿ ತಂದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿಯೂ ಇದೆ, ಅಂದರೆ ಪಂಚಾಯಿತಿಗೆ ಬಿಟ್ಟುಕೊಡಬಹುದಾದ ಕೆಲಸ. ಕರ್ನಾಟಕದಲ್ಲಿ 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ, ಅಂದರೆ ಅಷ್ಟು ಜಮೀನಿಗೆ ನೀರುಣಿಸುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಸಣ್ಣವು ಪಂಚಾಯಿತಿ ವ್ಯವಸ್ಥೆಯವು. ಈಗ ನಿಮ್ಮೂರಿನ ಕೆರೆಯ ಅಚ್ಚುಕಟ್ಟು ಎಷ್ಟು ಹೆಕ್ಟೇರು, ಅದರ ತೂಬು ರಿಪೇರಿಗೆ ಅರ್ಜಿ ಎಲ್ಲಿಗೆ ಹೋಗಬೇಕು, ಹೋದದ್ದು ಎಲ್ಲಿ ನಿಂತಿದೆ ಅಂತ ಹುಡುಕಿ ನೋಡಿ. ‘ಗಮನ ಹರಿಸಬೇಕು’ ಎಂಬ ವಾಕ್ಯ ತಾನಾಗಿಯೇ ಬಿದ್ದುಹೋಗುತ್ತದೆ.

ಸಾಹಿತ್ಯದ ಪ್ರಬಂಧ ಎಂದರೆ ಕಥಾಸಾರಾಂಶ ಎಂಬ ಭ್ರಮೆ ಹೋಗಿಲ್ಲ. ಕಥೆ ಮೇಷ್ಟ್ರಿಗೂ ಗೊತ್ತು. ಅಲ್ಲಿ ಸಾಕ್ಷಿ ಪಠ್ಯದ ಪದವೇ. ಉದಾಹರಣೆಗೆ ನಾನೇ ಒಂದು ವಾಕ್ಯ ಕಟ್ಟುತ್ತೇನೆ: ‘ಕೆರೆ ಕೋಡಿ ಹೋದ ರಾತ್ರಿ ಅವಳು ಬಾಗಿಲಿಗೆ ಅಗುಳಿ ಹಾಕಲಿಲ್ಲ.’ ‘ಅವಳಿಗೆ ತುಂಬಾ ಸಂತೋಷವಾಗಿತ್ತು ಎಂದು ಲೇಖಕರು ಹೇಳುತ್ತಾರೆ’ ಎಂದು ಬರೆದರೆ ಅದು ಸುಳ್ಳು, ಲೇಖಕರು ಸಂತೋಷ ಎಂಬ ಪದವನ್ನೇ ಬಳಸಿಲ್ಲ. ‘ಹಾಕಲು ಮರೆತಳು’ ಎನ್ನದೆ ‘ಹಾಕಲಿಲ್ಲ’ ಎಂದಿದ್ದಾರೆ. ಅಂದರೆ ಬೇಕೆಂದೇ ತೆರೆದಿಟ್ಟಳು. ಯಾರಿಗಾಗಿ? ಬರುವವರಿಗೋ, ಬರುವ ನೀರಿಗೋ? ಈ ಎರಡು ಓದಿನಲ್ಲಿ ಯಾವುದನ್ನು ಕಥೆಯ ಉಳಿದ ಭಾಗ ಬೆಂಬಲಿಸುತ್ತದೆ ಅಂತ ಸಾಲು ಹಿಡಿದು ತೋರಿಸಿದರೆ ಅದು ಪ್ರಬಂಧ. ಲೇಖಕರ ಜನ್ಮಸ್ಥಳ, ಪ್ರಶಸ್ತಿಗಳ ಪಟ್ಟಿ ಇವಕ್ಕೆಲ್ಲ ಅಲ್ಲಿ ಕೆಲಸವಿಲ್ಲ.

ಯೋಜನೆಗೆ ಬರೋಣ. ನಾನು ಮಕ್ಕಳಿಗೆ ಹಳೆ ಕ್ಯಾಲೆಂಡರಿನ ಒಂದು ಹಾಳೆ ತರಲು ಹೇಳುತ್ತೇನೆ, ದೊಡ್ಡದು, ಹಿಂಭಾಗ ಖಾಲಿ. ಮೇಲೆ ನಿಲುವು, ಒಂದೇ ವಾಕ್ಯ. ಅದರ ಕೆಳಗೆ ಒಂದೊಂದು ಪ್ಯಾರಾಕ್ಕೆ ಒಂದೊಂದು ವಾಕ್ಯ. ಗಮನಿಸಿ, ವಾಕ್ಯ, ಶೀರ್ಷಿಕೆ ಅಲ್ಲ. ‘ಅಂತರ್ಜಲ’ ಅಂತ ಬರೆದರೆ ಅದು ಶೀರ್ಷಿಕೆ, ಅದರಿಂದ ಏನೂ ಹುಟ್ಟುವುದಿಲ್ಲ. ‘ಏರಿಯ ಕೆಳಗಿನ ಬೋರುಗಳಲ್ಲಿ ನೀರು ದೂರದ ಬೋರುಗಳಿಗಿಂತ ಬೇಗ ಏರಿತು’ ಅಂತ ಬರೆದರೆ ಮುಂದಿನ ಪ್ರಶ್ನೆ ತಾನೇ ಬರುತ್ತದೆ: ಎಷ್ಟು ಬೇಗ, ಯಾರು ಹೇಳಿದರು? ಬಲಗಡೆ ಆ ಪ್ರಶ್ನೆಯ ಉತ್ತರ, ಅಂದರೆ ಸಾಕ್ಷಿ. ಸಾಕ್ಷಿ ಇಲ್ಲದ ವಾಕ್ಯದ ಎದುರು ಕೆಂಪು ಶಾಯಿಯಲ್ಲಿ ‘ಅಂತೆ’ ಅಂತ ಬರೆಯಬೇಕು. ಆ ಕೆಂಪು ‘ಅಂತೆ’ಗಳೇ ನಿಮ್ಮ ಲೈಬ್ರರಿ ಕೆಲಸದ ಪಟ್ಟಿ. ಇದಾದ ಮೇಲೆ ಎಡಗಡೆಯ ವಾಕ್ಯಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿ. ಒಂದು ವಾದ ನಡೆದುಕೊಂಡು ಹೋದಂತೆ ಕೇಳಿಸಬೇಕು. ಎರಡು ವಾಕ್ಯ ಅದಲುಬದಲು ಮಾಡಿದರೂ ಏನೂ ವ್ಯತ್ಯಾಸ ಆಗದಿದ್ದರೆ ಅಲ್ಲಿ ವಾದ ಇಲ್ಲ, ಬರೀ ಪಟ್ಟಿ ಇದೆ. 1,500 ಪದದ ಪ್ರಬಂಧಕ್ಕೆ ಎಂಟು ಒಂಬತ್ತು ವಾಕ್ಯ ಸಾಕು.

ಪೀಠಿಕೆ ಕೊನೆಗೆ ಬರೆಯಿರಿ. ಎಲ್ಲಿಗೆ ಹೋಗುತ್ತೀರಿ ಅಂತ ನಿಮಗೇ ಗೊತ್ತಿಲ್ಲದಾಗ ಬೋರ್ಡು ಬರೆಸಿ ಏನು ಪ್ರಯೋಜನ. ಬಸ್ಸಿನಲ್ಲಿ ನಾನು ಓದಿದ, ಆ ಹುಡುಗಿಯ ಮೊದಲ ಪೀಠಿಕೆ ಹೀಗಿತ್ತು:

"ನೀರು ಜೀವಜಲವಾಗಿದೆ. ನೀರಿಲ್ಲದೆ ಜೀವಸಂಕುಲವಿಲ್ಲ. ಭಾರತವು ಕೃಷಿ ಪ್ರಧಾನ ದೇಶವಾಗಿದ್ದು ಕೋಲಾರ ಜಿಲ್ಲೆಯು ಬರಪೀಡಿತ ಜಿಲ್ಲೆಯಾಗಿರುತ್ತದೆ. ಇಂತಹ ಸಂದರ್ಭದಲ್ಲಿ ಕೆ.ಸಿ. ವ್ಯಾಲಿ ಯೋಜನೆಯು ರೈತರ ಪಾಲಿಗೆ ವರದಾನವಾಗಿ ಪರಿಣಮಿಸಿದೆ ಎಂದು ಹೇಳಿದರೆ ತಪ್ಪಾಗಲಾರದು."

ಮೂರು ವಾರದ ನಂತರ, ಕ್ಯಾಲೆಂಡರ್ ಹಾಳೆ ಎರಡು ಸಲ ಹರಿದ ಮೇಲೆ, ಹೀಗಾಯಿತು:

"ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಎಂದು ರೈತರು ಹೇಳುತ್ತಾರೆ. ಆದರೆ 2021ರ ಕೊನೆಯಲ್ಲಿ ಜಿಲ್ಲೆಯಲ್ಲಿ ಭಾರೀ ಮಳೆಯೂ ಆಗಿದೆ. ಏರಿಯ ಕೆಳಗಿನ ಆರು ಮತ್ತು ಕೆರೆಯಿಂದ ದೂರದ ಆರು ಬೋರ್‌ವೆಲ್‌ಗಳ ಮಾಲೀಕರನ್ನು ಮಾತಾಡಿಸಿ, ಈ ಏರಿಕೆಯಲ್ಲಿ ಕೆರೆಯ ಪಾಲು ಎಷ್ಟಿರಬಹುದು ಎಂದು ಈ ಪ್ರಬಂಧದಲ್ಲಿ ನೋಡಿದ್ದೇನೆ. ಪಾಲು ಇದೆ, ಆದರೆ ಅದು ಏರಿಯ ಕೆಳಗಿನ ಜಮೀನಿನಾಚೆ ಹೋಗಿಲ್ಲ ಎಂಬುದು ನನ್ನ ವಾದ."

ಹನ್ನೆರಡು ಬೋರ್‌ವೆಲ್‌ನಿಂದ ಜಿಲ್ಲೆಯ ಬಗ್ಗೆ ಏನೂ ಹೇಳಲಾಗದು. ಅದನ್ನೂ ಅವಳು ಕೊನೆಯಲ್ಲಿ ಬರೆದಿದ್ದಳು. ಮಾರ್ಕ್ಸ್ ಕೊಟ್ಟದ್ದು ಅದಕ್ಕೇ.

ಬರೆಯುವಾಗ ಕನ್ನಡದ ಎರಡು ಗುಂಡಿಗಳಿವೆ. ಒಂದು, ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಇದೆ’ಯೋ ‘ಇಲ್ಲ’ವೋ ಅಂತ ಗೊತ್ತಾಗಲು ಓದುವವರು ಕೊನೆಯವರೆಗೆ ಉಸಿರು ಹಿಡಿದಿರಬೇಕು. ಐದು ಸಾಲಿನ ವಾಕ್ಯ ಬರೆದು ತುದಿಯಲ್ಲಿ ‘ಎಂಬುದು ಸರಿಯಲ್ಲ’ ಎಂದರೆ, ಅಷ್ಟು ಹೊತ್ತು ಅವರು ನಿಮ್ಮ ಎದುರಾಳಿಯ ಮಾತನ್ನು ನಿಮ್ಮದೆಂದೇ ನಂಬಿರುತ್ತಾರೆ. ವಾದ ಮಾಡುವ ವಾಕ್ಯ ಗಿಡ್ಡ ಇರಲಿ. ಎರಡನೆಯದು ‘ಲಾಯಿತು, ಲಾಗಿದೆ’ ರೋಗ. ‘ಯೋಜನೆಯನ್ನು ಜಾರಿಗೊಳಿಸಲಾಯಿತು, ರೈತರನ್ನು ಕಡೆಗಣಿಸಲಾಗಿದೆ.’ ಯಾರು ಜಾರಿಗೊಳಿಸಿದರು, ಯಾರು ಕಡೆಗಣಿಸಿದರು? ಇಲಾಖೆಯ ಸುತ್ತೋಲೆಯಿಂದ ಬಂದ ಈ ಕನ್ನಡ ಮಾಡಿದವರನ್ನು ಮರೆಮಾಡುತ್ತದೆ, ರಾಜ್ಯಶಾಸ್ತ್ರ ಮತ್ತು ಇತಿಹಾಸದಲ್ಲಿ ಅದು ಅಪರಾಧಕ್ಕೆ ಸಮ. ವಿಜ್ಞಾನದ ‘ವಿಧಾನ’ ಭಾಗದಲ್ಲಿ ಮಾತ್ರ ‘ಮಾದರಿಯನ್ನು ಸಂಗ್ರಹಿಸಲಾಯಿತು’ ಎಂದರೆ ತಕರಾರಿಲ್ಲ, ಬಾಟಲಿ ಹಿಡಿದವರು ಯಾರಾದರೂ ನೀರು ಅದೇ ತಾನೆ.

ನಕಲಿನ ಮಾತು. ಯು.ಜಿ.ಸಿ.ಯ 2018ರ ನಿಯಮಗಳು ಸಂಶೋಧನಾ ಪ್ರಬಂಧಗಳಲ್ಲಿ ಶೇ. 10ರವರೆಗಿನ ಹೋಲಿಕೆಯನ್ನು ಸಣ್ಣದೆಂದು ಬಿಡುತ್ತವೆ. 10ರಿಂದ 40, 40ರಿಂದ 60, 60ರ ಮೇಲೆ ಎಂದು ಮೂರು ಮೆಟ್ಟಿಲಲ್ಲಿ ಶಿಕ್ಷೆ ಏರುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನ ನಕಲು ಕದಿಯುವ ಮನಸ್ಸಿನಿಂದ ಆಗುವುದಲ್ಲ. ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಬರೆಯಬೇಕಾದ್ದು ಕನ್ನಡದಲ್ಲಿ. ಎದುರಿಗೆ ತೆರೆದಿಟ್ಟುಕೊಂಡು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸುತ್ತಾರೆ. ಮೂಲ ಹೇಳದಿದ್ದರೆ ಅದೂ ನಕಲೇ, ಮೇಲಾಗಿ ಓದಲಾಗದ ಕನ್ನಡ. ನಾನು ಹೇಳುವುದಿಷ್ಟು: ಎರಡು ಪುಟ ಓದು, ಪುಸ್ತಕ ಮುಚ್ಚು, ಪಕ್ಕದ ಮನೆಯ ಅತ್ತೆಗೆ ಹೇಳುವ ಹಾಗೆ ಬಾಯಲ್ಲಿ ಹೇಳು, ಆಮೇಲೆ ಬರಿ, ಬರೆದ ಮೇಲೆ ಪುಸ್ತಕ ತೆಗೆದು ಸಂಖ್ಯೆ, ಹೆಸರು ಸರಿಯಿದೆಯೇ ನೋಡು, ಪುಟಸಂಖ್ಯೆ ಹಾಕು.

ಚಾಟ್‌ಜಿಪಿಟಿ ಬಂದ ಮೇಲೆ ಹೊಸ ತಮಾಷೆ ಶುರುವಾಗಿದೆ. ಕಳೆದ ವರ್ಷ ಒಬ್ಬ ಹುಡುಗ ಕೊಟ್ಟ ಅಡಿಟಿಪ್ಪಣಿಯಲ್ಲಿ ಕೋಲಾರದ ಕೆರೆಗಳ ಮೇಲೆ ಒಂದು ಪುಸ್ತಕದ ಹೆಸರು, ಪ್ರಕಾಶಕರು, ಪುಟಸಂಖ್ಯೆ ಎಲ್ಲ ಇತ್ತು. ನನಗೆ ಆಸೆಯಾಗಿ ಎರಡು ಲೈಬ್ರರಿ ಹುಡುಕಿದೆ. ಅಂಥ ಪುಸ್ತಕವನ್ನು ಯಾರೂ ಬರೆದೇ ಇಲ್ಲ. ಯಂತ್ರವೂ ‘ಅಂತೆ’ಯನ್ನೇ ಹೇಳುತ್ತದೆ, ಆದರೆ ‘ಇದೆ’ ಎಂಬ ದನಿಯಲ್ಲಿ. ಕೈಯಲ್ಲಿ ಹಿಡಿದು ತೆರೆಯದ ಪುಸ್ತಕವನ್ನು ಅಡಿಟಿಪ್ಪಣಿಗೆ ಹಾಕಬೇಡಿ.

ಬಾಯಿಮಾತನ್ನೂ ಆಕರ ಮಾಡಬಹುದು, ಅದಕ್ಕೂ ಕ್ರಮ ಇದೆ. ಆ ಹುಡುಗಿ ತೂಬಿನ ನೀರು ಗದ್ದೆಗಳಿಗೆ ಹಂಚುತ್ತಿದ್ದ ಹಳೆಯ ನೀರುಗಂಟಿಯೊಬ್ಬರನ್ನು ಮಾತಾಡಿಸಿದ್ದಳು. ಅವರು, "ಎಲ್ಲಾ ಹೇಳ್ತೀನಮ್ಮ, ಹೆಸರು ಮಾತ್ರ ಹಾಕ್ಬೇಡ" ಅಂದರಂತೆ. ಹಾಗಾಗಿ ಅವಳ ಟಿಪ್ಪಣಿ: ‘ಸಂದರ್ಶನ, ನಿವೃತ್ತ ನೀರುಗಂಟಿ (ಕೋರಿಕೆಯ ಮೇರೆಗೆ ಹೆಸರು ಬಿಟ್ಟಿದೆ), ಕೋಲಾರ ತಾಲ್ಲೂಕು,’ ಆಮೇಲೆ ದಿನಾಂಕ. ಇಷ್ಟು ಸಾಕು. ಅವರು ಕಣ್ಣಾರೆ ಕಂಡದ್ದು ಯಾವುದು, ಅವರೂ ಬೇರೆಯವರಿಂದ ಕೇಳಿದ್ದು ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಬರೆದುಕೊಂಡಿದ್ದಳು. ಕಷ್ಟವೇನೂ ಆಗಲಿಲ್ಲವಂತೆ, ಅಜ್ಜನ ಮಾತಿನಲ್ಲೇ ಎಲ್ಲಿ ‘ಅಂತೆ’ ಇತ್ತೋ ಅಲ್ಲಿ ಗೆರೆ ಎಳೆದಳು.

ಇನ್ನು ಸಬ್‌ಮಿಷನ್ ದಿನ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ, ಆ ಫೈಲನ್ನೇ ಮೇಷ್ಟ್ರ ಮೇಲ್‌ಗೆ ಕಳಿಸುತ್ತಾರೆ. ಮೇಷ್ಟ್ರ ಫೋನಿನಲ್ಲಿ ಅದು ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಅಕ್ಷರಗಳ ಗೊಂಚಲಾಗಿ ತೆರೆದುಕೊಳ್ಳುತ್ತದೆ. "ಯೂನಿಕೋಡ್‌ನಲ್ಲೇ ಹೊಡೆದುಕೊಡಿ ಅಣ್ಣ" ಅಂತ ಮೊದಲೇ ಹೇಳಿ, ಪಿ.ಡಿ.ಎಫ್. ಮಾಡಿಸಿ, ಅಂಗಡಿಯಲ್ಲೇ ನಿಮ್ಮ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಅಡಿಟಿಪ್ಪಣಿಯ ಸಂಖ್ಯೆಗಳು ಸರಿಯಾಗಿ ಕೂತಿವೆಯೇ ಅಂತಲೂ ಅಲ್ಲೇ ನೋಡಿಕೊಳ್ಳಿ, ಟೈಪ್ ಮಾಡುವವರು ಅವುಗಳನ್ನು ಮೊದಲು ನುಂಗುವುದು. ಮತ್ತೆ, ಮೂರೂವರೆ ಮೇಲೆ ಹೋಗಬೇಡಿ. ಕರೆಂಟು ಹೋಗುವುದು ಆಗಲೇ.